ದರ ಬರೆಯುವ ಮೊದಲು ನಮ್ಮ ಶಕ್ತಿ ಅಳೆಯೋಣ



ಕಾರ್ತಿಕ ಮಾಸದ ಕಡೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲ ನಿಷೇಧಿಸಿತು. ಬಟ್ಟೆ ಚೀಲ ಹೊಲಿಯುವ ಸಂಘಗಳಿಗೆ ಇದು ಒಳ್ಳೆಯ ಅವಕಾಶ. ಚಾಮರಾಜಪೇಟೆಯ ಒಂದು ಸಂಘಕ್ಕೆ 'ಒಂದು ತಿಂಗಳಲ್ಲಿ 5000 ಚೀಲ ಬೇಕು, ದರ ಬರೆದು ಕೊಡಿ' ಅಂತ ಕರೆ ಬಂತು ಎಂದುಕೊಳ್ಳಿ. 'ಆಗಲಿ' ಅನ್ನುವ ಮೊದಲು ಎರಡು ಲೆಕ್ಕ ಮಾಡ್ಬೇಕು.

1. ನಾವು ಎಷ್ಟು ಹೊಲಿಯಬಲ್ಲೆವು?

ಸಂಘದಲ್ಲಿ ಹೊಲಿಗೆ ಯಂತ್ರ 6. ಮನೆಗೆಲಸ ಮುಗಿಸಿ ದಿನಕ್ಕೆ 4 ಗಂಟೆ ಹೊಲಿಯಬಹುದು. ಒಂದು ಚೀಲಕ್ಕೆ 12 ನಿಮಿಷ ಹಿಡಿದರೆ ಗಂಟೆಗೆ 5, ಒಂದು ಯಂತ್ರಕ್ಕೆ ದಿನಕ್ಕೆ 20, ಆರಕ್ಕೆ 120. 25 ದಿನಕ್ಕೆ 3000. ಆದರೆ ಕರೆಂಟ್ ಹೋಗುತ್ತೆ, ಮಕ್ಕಳಿಗೆ ಜ್ವರ ಬರುತ್ತೆ. ಐದರಲ್ಲಿ ಒಂದು ಪಾಲು ಬಿಟ್ಟರೆ ಉಳಿಯೋದು 2400. ಅಂದ್ರೆ 5000 ಚೀಲ ಒಂದೇ ಸಂಘದಿಂದ ಆಗದು. ಅರ್ಧಕ್ಕಿಂತ ಕಡಿಮೆ ಕೇಳೋಣ, ಇಲ್ಲವೇ ಇನ್ನೊಂದು ಸಂಘವನ್ನು ಸೇರಿಸಿಕೊಳ್ಳೋಣ.

2. ಒಂದು ಚೀಲಕ್ಕೆ ಎಷ್ಟು ಬೀಳುತ್ತೆ?

ಬಟ್ಟೆ 14 ರೂ.
ನೂಲು, ಕರೆಂಟ್, ಯಂತ್ರದ ಸವಕಳಿ 2 ರೂ.
ಆಟೋ ಬಾಡಿಗೆ 1 ರೂ.
ಕತ್ತರಿಸುವ ಕೂಲಿ 3 ರೂ.
ಹೊಲಿಗೆ ಕೂಲಿ (ಗಂಟೆಗೆ 60ರಂತೆ) 12 ರೂ.
ಒಟ್ಟು 32 ರೂ.

ಸಂಘದ ನಿಧಿಗೆ 3 ರೂ. ಸೇರಿಸಿದರೆ ದರ 35 ರೂ.

ಬೇರೆಯವರು 28ಕ್ಕೆ ಬರೆದರೆ ನಾವೂ 28 ಅನ್ನೋಣವೇ? ಬಟ್ಟೆ ಅಂಗಡಿಯವರು ಕಡಿಮೆ ಮಾಡೋಲ್ಲ, ಆಟೋದವರೂ ಮಾಡೋಲ್ಲ. ಕಡಿಮೆಯಾಗೋದು ನಮ್ಮ ಕೂಲಿ: ಗಂಟೆಗೆ 60 ಇದ್ದದ್ದು 40 ಆಗುತ್ತೆ, ನಿಧಿಗೆ ಏನೂ ಉಳಿಯದು. ಬಟ್ಟೆ ಸಗಟಾಗಿ ತಂದು ಉಳಿಸಿದರೆ ದರ ಇಳಿಸಬಹುದು. ದುಡಿಮೆಯ ಬೆಲೆ ಇಳಿಸಿ ಗೆದ್ದರೆ ಅದು ಗೆಲುವಲ್ಲ.

ನೆನಪಿಡಿ

ಸರ್ಕಾರಿ ಖರೀದಿಗೆ ಕರ್ನಾಟಕದಲ್ಲಿ 1999ರ ಪಾರದರ್ಶಕತೆ ಕಾಯ್ದೆ ಇದೆ. ಷರತ್ತು ಪೂರೈಸಿದವರಲ್ಲಿ ಕಡಿಮೆ ದರದವರಿಗೆ ಕೆಲಸ. ಟೆಂಡರ್ ಗೆದ್ದು ಹಿಂದೆ ಸರಿದರೆ ಇಟ್ಟ ಠೇವಣಿ ಹೋಗಬಹುದು. ಎರಡು ಸಂಘ ಸೇರಿ ಬಹಿರಂಗವಾಗಿ ಒಂದೇ ಟೆಂಡರ್ ಹಾಕುವುದು ಬೇರೆ. ಗುಟ್ಟಾಗಿ ದರ ಮಾತಾಡಿಕೊಂಡು ಬೇರೆ ಬೇರೆ ಹಾಕುವುದು ಬೇರೆ. ಇದು 2002ರ ಸ್ಪರ್ಧಾ ಕಾಯ್ದೆ ಪ್ರಕಾರ ತಪ್ಪು.

ಸಭೆಯಲ್ಲಿ ಚರ್ಚಿಸಿ

- ನಮ್ಮ ಸಂಘ ವಾರಕ್ಕೆ ನಿಜವಾಗಿ ಎಷ್ಟು ಕೆಲಸ ಮಾಡಬಲ್ಲದು?
- ಯಾವ ದರಕ್ಕಿಂತ ಕೆಳಗೆ ನಾವು 'ಬೇಡ' ಅನ್ನಬೇಕು?

ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಕರೆ ಬಂದಾಗ ಆ ಪುಟ ತೆಗೆದು ನೋಡಿ, ಆಮೇಲೆ ದರ ಬರೆಯಿರಿ.