‘ಇಂದ’ ಇಂಗ್ಲಿಷಿಗೆ ಹೋದಾಗ: ಮೇಡ್ ಆಫ್, ಮೇಡ್ ಫ್ರಮ್, ಮೇಡ್ ಬೈ

ಕಳೆದ ವರ್ಷ ದ್ವಿತೀಯ ಪಿಯು ವಿದ್ಯಾರ್ಥಿಯೊಬ್ಬ ಒಂದು ಹಾಳೆ ಹಿಡಿದು ಸ್ಟಾಫ್ ರೂಮಿಗೆ ಬಂದ. ಪಿ.ಬಿ. ರಸ್ತೆಯಲ್ಲಿ ಅವನ ತಂದೆಗೆ ಲಾರಿ ಗುದ್ದಿ ಕಾಲು ಮುರಿದಿತ್ತು. ವಿಮೆಯವರಿಗೆ ಕೊಡಲು ಘಟನೆಯ ವಿವರವನ್ನು ಇಂಗ್ಲಿಷಿನಲ್ಲಿ ತಾನೇ ಬರೆದಿದ್ದ. ‘ಸರ್, ಸ್ಪೆಲ್ಲಿಂಗ್ ನೋಡಿಕೊಡಿ’ ಅಂದ. ಸ್ಪೆಲ್ಲಿಂಗ್ ಎಲ್ಲ ಸರಿಯಿತ್ತು. ಮೂರನೇ ಸಾಲು ಮಾತ್ರ ಹೀಗಿತ್ತು: ‘ದಿ ಲಾರಿ ಹಿಟ್ ಬೈ ಮೈ ಫಾದರ್ ಡಿಡ್ ನಾಟ್ ಸ್ಟಾಪ್.’

ಅವನ ಮನಸ್ಸಿನಲ್ಲಿದ್ದದ್ದು ‘ಅಪ್ಪನಿಗೆ ಗುದ್ದಿದ ಲಾರಿ ನಿಲ್ಲಿಸಲಿಲ್ಲ’ ಎಂದು. ಹಾಳೆಯ ಮೇಲೆ ಬಂದದ್ದು ‘ಅಪ್ಪ ಗುದ್ದಿದ ಲಾರಿ ನಿಲ್ಲಿಸಲಿಲ್ಲ’ ಎಂದು. ತಪ್ಪು ಯಾರದು ಎಂಬುದೇ ತಿರುಗಿಬಿಟ್ಟಿತ್ತು. ‘ದಿ ಲಾರಿ ದಟ್ ಹಿಟ್ ಮೈ ಫಾದರ್’ ಎಂದು ತಿದ್ದಿ ಕಳಿಸಿದೆ. ಅವನು ದಡ್ಡನಲ್ಲ, ತರಗತಿಯಲ್ಲಿ ಚೆನ್ನಾಗಿ ಓದುವವನೇ. ಅವನನ್ನು ದಾರಿ ತಪ್ಪಿಸಿದ್ದು ಅವನ ಕನ್ನಡ. ಈ ಬಾರಿ ಆ ವಿಷಯವನ್ನೇ ಬರೆಯೋಣ ಎಂದುಕೊಂಡೆ.

ಕನ್ನಡದ ‘ಗುದ್ದಿದ’, ‘ಬರೆದ’, ‘ಹೊಡೆದ’ ಎಂಬ ರೂಪಗಳಿಗೆ ಎರಡೂ ಕಡೆ ಮುಖ. ‘ಬರೆದ ಪತ್ರ’ ಅನ್ನಬಹುದು, ‘ಬರೆದ ಹುಡುಗಿ’ ಅಂತಲೂ ಅನ್ನಬಹುದು. ಯಾರು ಮಾಡಿದರು, ಯಾರಿಗೆ ಆಯಿತು ಎನ್ನುವುದನ್ನು ನಮ್ಮ ವಿಭಕ್ತಿ ಪ್ರತ್ಯಯ ನೋಡಿಕೊಳ್ಳುತ್ತದೆ: ‘ಅಪ್ಪ’ ಅಂದರೆ ಒಂದು ಅರ್ಥ, ‘ಅಪ್ಪನಿಗೆ’ ಅಂದರೆ ಇನ್ನೊಂದು. ಇಂಗ್ಲಿಷಿನ ಪಾಸ್ಟ್ ಪಾರ್ಟಿಸಿಪಲ್, ಅಂದರೆ ನೀವು ವಿ-3 ಎಂದು ಕರೆಯುವ ರೂಪ, ಹಾಗಲ್ಲ. ಹಿಟ್, ಬೀಟನ್, ರಿಟನ್ ಮೊದಲಾದ ಸಕರ್ಮಕ ಕ್ರಿಯಾಪದಗಳ ವಿ-3 ಒಂದು ನಾಮಪದವನ್ನು ವರ್ಣಿಸಲು ನಿಂತರೆ, ಆ ನಾಮಪದ ಕೆಲಸವನ್ನು ಮಾಡಿದ್ದಲ್ಲ, ಅನುಭವಿಸಿದ್ದು. ‘ದಿ ಬಾಯ್ ಬೀಟನ್’ ಎಂದರೆ ಪೆಟ್ಟು ತಿಂದ ಹುಡುಗ. ಹೊಡೆದ ಹುಡುಗ ಬೇಕಾದರೆ ‘ದಿ ಬಾಯ್ ಹೂ ಬೀಟ್’ ಎಂದೇ ಹೇಳಬೇಕು.

ಮನೆಯಲ್ಲಿ ಉರ್ದು ಮಾತಾಡುವವರಿಗೆ ಇಲ್ಲಿ ಒಂದು ಅನುಕೂಲವಿದೆ. ‘ಲಿಖಾ ಹುವಾ ಖತ್’ ಎಂದು ಒಂದು ಇದೆ, ‘ಖತ್ ಲಿಖ್ನೇವಾಲೀ ಲಡ್ಕೀ’ ಎಂದು ಇನ್ನೊಂದು ಇದೆ. ಉರ್ದು ಎರಡನ್ನೂ ಬೇರೆಬೇರೆ ಇಟ್ಟಿದೆ. ‘ಹುವಾ’ ಬರುವಲ್ಲಿ ವಿ-3 ಹಾಕಿ, ‘ವಾಲಾ’ ಬರುವಲ್ಲಿ ಹೂ ಅಥವಾ ದಟ್ ಹಾಕಿ. ಹೆಚ್ಚಿನ ಕಡೆ ಸರಿಹೋಗುತ್ತದೆ. ಕನ್ನಡ ಮಾತ್ರ ಬಲ್ಲವರು ಪಕ್ಕದ ಬೆಂಚಿನವರನ್ನು ಕೇಳಿ!

ಇನ್ನು ವಿ-3ರ ನಂತರ ಬರುವ ಪ್ರಿಪೊಸಿಷನ್. ತೊಂದರೆಯ ಮೂಲ ನಮ್ಮ ‘ಇಂದ’. ಹೈಸ್ಕೂಲಿನಲ್ಲಿ ತೃತೀಯಾ ವಿಭಕ್ತಿಗೆ ‘ಇಂದ’, ಪಂಚಮಿಗೆ ‘ದೆಸೆಯಿಂದ’ ಎಂದು ಬಾಯಿಪಾಠ ಮಾಡಿದ್ದೀರಿ. ಆದರೆ ‘ಹರಿಹರದ ದೆಸೆಯಿಂದ ಬಂದೆ’ ಎಂದು ಯಾರೂ ಹೇಳುವುದಿಲ್ಲ. ಚಾಕುವಿನಿಂದ ಕತ್ತರಿಸಿದ್ದೂ ‘ಇಂದ’, ಹರಿಹರದಿಂದ ತಂದದ್ದೂ ‘ಇಂದ’, ಮರದಿಂದ ಮಾಡಿದ್ದೂ ‘ಇಂದ’, ತಹಶೀಲ್ದಾರರಿಂದ ಪಡೆದದ್ದೂ ‘ಇಂದ’. ಉರ್ದುವಿನ ‘ಸೇ’ ಕೂಡ ಬಹುಮಟ್ಟಿಗೆ ಹೀಗೆಯೇ. ಇಂಗ್ಲಿಷ್ ಇದೇ ಜಾಗದಲ್ಲಿ ವಿತ್, ಫ್ರಮ್, ಆಫ್, ಬೈ ಎಂದು ನಾಲ್ಕು ಹೋಳು ಮಾಡುತ್ತದೆ.

ಮೇಡ್ ಎಂಬ ಒಂದೇ ಪದ ಹಿಡಿದು ನೋಡೋಣ. ನಮ್ಮ ಊರಿನ ಮಂಡಕ್ಕಿ ಭಟ್ಟಿಗೆ ಹೋದವರಿಗೆ ಗೊತ್ತು: ಭತ್ತ ನೆನೆದು, ಒಣಗಿ, ಅಕ್ಕಿಯಾಗಿ, ಉಪ್ಪು ಹಿಡಿದು, ಬಿಸಿ ಮರಳಿನಲ್ಲಿ ಅರಳುತ್ತದೆ. ಕೈಗೆ ಬಂದ ಮಂಡಕ್ಕಿಯಲ್ಲಿ ಭತ್ತ ಕಾಣುವುದಿಲ್ಲ. ಮೂಲ ವಸ್ತು ಹೀಗೆ ರೂಪ ಬದಲಿಸಿದ್ದರೆ ‘ಮೇಡ್ ಫ್ರಮ್ ಪ್ಯಾಡಿ’. ಅದನ್ನು ತಿನ್ನುವ ಸ್ಟೀಲ್ ತಟ್ಟೆಯಲ್ಲಿ ಸ್ಟೀಲು ಸ್ಟೀಲಾಗಿಯೇ ಇದೆ, ಆದ್ದರಿಂದ ‘ಮೇಡ್ ಆಫ್ ಸ್ಟೀಲ್’. ಬೆಣ್ಣೆ ದೋಸೆಯಲ್ಲಿ ಬೆಣ್ಣೆ ಹಲವು ಸಾಮಾನುಗಳಲ್ಲಿ ಒಂದು, ಆದ್ದರಿಂದ ‘ಮೇಡ್ ವಿತ್ ಬಟರ್’. ‘ಮೇಡ್ ಆಫ್ ಬಟರ್’ ಎಂದು ಬರೆದರೆ ದೋಸೆಯೇ ಬೆಣ್ಣೆಯ ಮುದ್ದೆ ಎಂದಾಗುತ್ತದೆ. (ಕೆಲವು ಹೋಟೆಲುಗಳಲ್ಲಿ ಅದೂ ಸುಳ್ಳಲ್ಲ ಬಿಡಿ.) ಮಾಡಿದವರನ್ನು ಹೇಳಲು ‘ಮೇಡ್ ಬೈ ಮೈ ಅಂಕಲ್’, ಊರು ಹೇಳಲು ‘ಮೇಡ್ ಇನ್ ದಾವಣಗೆರೆ’. ದಿಕ್ಕು ತಿರುಗಿಸಿ ಭತ್ತದಿಂದ ಹೊರಟರೆ ‘ಪ್ಯಾಡಿ ಇಸ್ ಮೇಡ್ ಇನ್ಟು ಮಂಡಕ್ಕಿ’. ಮೇಡ್ ಬದಲಾಗಲಿಲ್ಲ, ಪಕ್ಕದ ಸಣ್ಣ ಪದವೇ ಅರ್ಥ ಹೊತ್ತಿತು.

ಬೈ ಮತ್ತು ವಿತ್ ನಡುವಿನ ಗೊಂದಲಕ್ಕೆ ಒಂದು ಪ್ರಶ್ನೆ ಸಾಕು: ಕೆಲಸ ಮಾಡಿದವರೋ, ಕೈಯಲ್ಲಿದ್ದ ಸಾಧನವೋ? ‘ಕಟ್ ಬೈ ದಿ ಡಾಕ್ಟರ್ ವಿತ್ ಎ ಬ್ಲೇಡ್’. ‘ಕಟ್ ಬೈ ಎ ಬ್ಲೇಡ್’ ಎಂದೂ ಕೇಳಬಹುದು, ಆದರೆ ಆಗ ಬ್ಲೇಡು ತಾನಾಗಿ ತಗುಲಿ ಗಾಯವಾಯಿತು ಎಂಬ ಭಾವ ಬರುತ್ತದೆ. ಬೈ ಮತ್ತು ಫ್ರಮ್ ನಡುವೆ ಇನ್ನೂ ಎಚ್ಚರ ಬೇಕು, ಏಕೆಂದರೆ ಅಲ್ಲಿ ದುಡ್ಡಿದೆ. ರಸೀದಿಯ ಮೇಲೆ ‘ರಿಸೀವ್ಡ್ ಫ್ರಮ್’ ಎಂದಿದ್ದರೆ ಮುಂದಿನ ಹೆಸರು ಹಣ ಕೊಟ್ಟವರದು. ‘ರಿಸೀವ್ಡ್ ಬೈ’ ಎಂದಿದ್ದರೆ ಪಡೆದವರದು. ಫೀಸು ಕಟ್ಟಿದ ರಸೀದಿಯನ್ನೂ ಸ್ಕಾಲರ್‌ಶಿಪ್ ಅರ್ಜಿಯನ್ನೂ ಈ ಕಣ್ಣಿನಿಂದ ಒಮ್ಮೆ ಓದಿ. ಆದಾಯ ಪ್ರಮಾಣಪತ್ರ ‘ಇಶ್ಯೂಡ್ ಬೈ’ ತಹಶೀಲ್ದಾರ್, ‘ಇಶ್ಯೂಡ್ ಟು’ ನೀವು.

ನಮ್ಮ ಜಿಲ್ಲೆಯ ಹುಟ್ಟಿನಲ್ಲೂ ಒಂದು ಒಳ್ಳೆಯ ಉದಾಹರಣೆ ಇದೆ. 1997ರ ಆಗಸ್ಟ್ 15ರಂದು ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಯಿತು. ಚಿತ್ರದುರ್ಗ ಜಿಲ್ಲೆಯ ಒಂದು ಭಾಗವನ್ನು ಬೇರ್ಪಡಿಸಿ, ಅದಕ್ಕೆ ಶಿವಮೊಗ್ಗದ ಹೊನ್ನಾಳಿ, ಚನ್ನಗಿರಿ ಮತ್ತು ಬಳ್ಳಾರಿಯ ಹರಪನಹಳ್ಳಿ ತಾಲ್ಲೂಕುಗಳನ್ನು ಸೇರಿಸಿದರು. ಹರಪನಹಳ್ಳಿ ಆಮೇಲೆ ಬಳ್ಳಾರಿಗೆ ಮರಳಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಇಂಗ್ಲಿಷ್ ಪತ್ರಿಕೆಗಳು ಇಂಥದ್ದಕ್ಕೆ ‘ಕಾರ್ವ್ಡ್ ಔಟ್ ಆಫ್’ ಎನ್ನುತ್ತವೆ. ಕಾರ್ವ್ ಎಂದರೆ ಕೆತ್ತುವುದು. ದೊಡ್ಡದರೊಳಗಿಂದ ಒಂದು ತುಂಡು ಕಡೆದು ತೆಗೆದ ಹಾಗೆ. ‘ಕಾರ್ವ್ಡ್ ಬೈ ಚಿತ್ರದುರ್ಗ’ ಎಂದರೆ ಚಿತ್ರದುರ್ಗವೇ ಉಳಿ ಹಿಡಿದು ಕೂತಂತೆ.

ಪದಗಳ ಕ್ರಮಕ್ಕೆ ಹರಿಹರಕ್ಕೆ ಹೋಗೋಣ. ಹರಿಹರೇಶ್ವರ ದೇವಾಲಯವನ್ನು 1224ರ ಹೊತ್ತಿಗೆ ಹೊಯ್ಸಳ ದೊರೆ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಕನ್ನಡದಲ್ಲಿ ‘ತುಂಗಭದ್ರೆಯ ದಡದಲ್ಲಿ 1224ರಲ್ಲಿ ಪೋಲಾಳ್ವ ಕಟ್ಟಿಸಿದ ದೇವಾಲಯ’. ದೇವಾಲಯ ಕೊನೆಗೆ. ಇಂಗ್ಲಿಷಿನಲ್ಲಿ ಕನ್ನಡಿಯಲ್ಲಿ ಕಂಡಂತೆ ಎಲ್ಲ ತಿರುಗುಮುರುಗು: ‘ಎ ಟೆಂಪಲ್ ಬಿಲ್ಟ್ ಬೈ ಪೋಲಾಳ್ವ ಇನ್ 1224 ಆನ್ ದಿ ಬ್ಯಾಂಕ್ ಆಫ್ ದಿ ತುಂಗಭದ್ರಾ’. ಮೊದಲು ನಾಮಪದ, ತಕ್ಷಣ ವಿ-3, ಆಮೇಲೆ ಪ್ರಿಪೊಸಿಷನ್ನುಗಳ ಸಾಲು. ‘ಕಟ್ಟಿದ’ ಮತ್ತು ‘ಕಟ್ಟಿಸಿದ’ ಎಂಬ ನಮ್ಮ ಸೊಗಸಾದ ವ್ಯತ್ಯಾಸ ‘ಬಿಲ್ಟ್ ಬೈ’ಯಲ್ಲಿ ಕರಗಿಹೋಗುತ್ತದೆ. ಕಲ್ಲು ಹೊತ್ತವರಿಗೂ ಅದೇ, ಹೊರಿಸಿದವನಿಗೂ ಅದೇ.

ವಿ-3 ತನ್ನ ನಾಮಪದಕ್ಕೆ ಅಂಟಿಕೊಂಡಿರಬೇಕು. ಪ್ರವಾಸದ ವರದಿಯೊಂದರಲ್ಲಿ ‘ಐ ಸಾ ದಿ ಟೆಂಪಲ್ ವಿತ್ ಮೈ ಫ್ರೆಂಡ್ ಬಿಲ್ಟ್ ಇನ್ 1224’ ಎಂದು ಓದಿದೆ. ಗೆಳೆಯನಿಗೆ ಎಂಟುನೂರು ವರ್ಷ!

ಇಲ್ಲಿಯವರೆಗೆ ಹೇಳಿದ್ದಕ್ಕೆ ತರ್ಕವಿದೆ. ತರ್ಕಕ್ಕೆ ಸುಲಭವಾಗಿ ಸಿಗದ ಒಂದು ಗುಂಪೂ ಇದೆ: ಮ್ಯಾರೀಡ್ ಟು, ಸ್ಕೇರ್ಡ್ ಆಫ್, ಸ್ಯಾಟಿಸ್ಫೈಡ್ ವಿತ್, ಟಯರ್ಡ್ ಆಫ್, ಇಂಟ್ರೆಸ್ಟೆಡ್ ಇನ್. ಇಲ್ಲಿ ನಿಮ್ಮ ತಪ್ಪು ನೋಡಿಯೇ ನಿಮ್ಮ ಮನೆಮಾತು ಹೇಳಬಲ್ಲೆ. ‘ಸ್ಕೇರ್ಡ್ ಟು ಸ್ನೇಕ್’ ಬರೆದವರು ಮನಸ್ಸಿನಲ್ಲಿ ‘ಹಾವಿಗೆ ಹೆದರಿ’ ಅಂದುಕೊಂಡವರು. ‘ಸ್ಕೇರ್ಡ್ ಫ್ರಮ್ ಸ್ನೇಕ್’ ಬರೆದವರು ‘ಸಾಂಪ್ ಸೇ ಡರ್’ ಅಂದುಕೊಂಡವರು. ‘ಮ್ಯಾರೀಡ್ ವಿತ್’ ಮಾತ್ರ ಎರಡೂ ಮನೆಯವರ ಜಂಟಿ ಆಸ್ತಿ. ಇವನ್ನು ಎರಡು ಪದ ಎಂದು ಕಲಿಯಬೇಡಿ. ನೋಟ್‌ಬುಕ್ಕಿನಲ್ಲಿ ಒಂದೇ ಪದದಂತೆ ಕೂಡಿಸಿ ಬರೆದುಕೊಳ್ಳಿ. ಲೈಬ್ರರಿಯಲ್ಲಿ ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ನಿಘಂಟು ಸಿಕ್ಕರೆ, ಪದದ ಪಕ್ಕದಲ್ಲೇ ಅದರ ಪ್ರಿಪೊಸಿಷನ್ ಕೊಟ್ಟಿರುತ್ತಾರೆ, ನೋಡಿ.

ಒಂದೇ ವಿ-3 ಹಲವು ಜೊತೆಗಾರರನ್ನು ಇಟ್ಟುಕೊಳ್ಳುವುದೂ ಉಂಟು. ದಾವಣಗೆರೆ ಬೆಣ್ಣೆ ದೋಸೆಗೆ ‘ನೋನ್ ಫಾರ್’, ಹತ್ತಿ ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ‘ನೋನ್ ಆ್ಯಸ್’, ನಿಮಗೆಲ್ಲ ಚೆನ್ನಾಗಿ ‘ನೋನ್ ಟು’. ಹಾಗೆಯೇ ಲುಕ್ ಆಫ್ಟರ್, ಲಾಫ್ ಅಟ್ ಮುಂತಾದವು ಪ್ಯಾಸಿವ್‌ಗೆ ತಿರುಗಿದಾಗ ಎರಡು ಸಣ್ಣ ಪದಗಳು ಒಟ್ಟಿಗೆ ಬರುತ್ತವೆ: ‘ಶಿ ವಾಸ್ ಲುಕ್ಡ್ ಆಫ್ಟರ್ ಬೈ ಹರ್ ಗ್ರ್ಯಾಂಡ್‌ಮದರ್’. ಕಿವಿಗೆ ವಿಚಿತ್ರ ಎನಿಸಿ ಆಫ್ಟರ್ ಬಿಟ್ಟರೆ ಅಂಕ ಹೋಗುತ್ತದೆ.

ಈಗ ನಿಮ್ಮ ಸರದಿ. ಈ ಐದನ್ನು ಇಂಗ್ಲಿಷಿಗೆ ತನ್ನಿ: ಅಮ್ಮ ಉಲ್ಲನ್ ದಾರದಿಂದ ಹೆಣೆದ ಟೋಪಿ, ಹರಿಹರದಿಂದ ತಂದ ಪುಸ್ತಕ, ಹಾಲಿನಿಂದ ತುಂಬಿದ ಪಾತ್ರೆ, ನಾಯಿಗೆ ಹೆದರಿದ ಹುಡುಗ, ಹುಡುಗನಿಗೆ ಕಚ್ಚಿದ ನಾಯಿ. ಕೊನೆಯದರಲ್ಲಿ ಲಾರಿಯ ಕಥೆ ನೆನಪಿರಲಿ, ಅಲ್ಲಿ ವಿ-3 ಹಾಕಿದರೆ ಹುಡುಗನೇ ನಾಯಿಗೆ ಕಚ್ಚಿಬಿಟ್ಟಾನು. ಉತ್ತರ ಬರೆದು ಶನಿವಾರದೊಳಗೆ ಸ್ಟಾಫ್ ರೂಮಿನಲ್ಲಿ ನನ್ನ ಟೇಬಲ್ ಮೇಲಿಡಿ. ಸರಿ ಉತ್ತರಗಳನ್ನು ಸೋಮವಾರ ನೋಟಿಸ್ ಬೋರ್ಡಿಗೆ ಹಾಕುತ್ತೇನೆ.