ರಿಪೇರಿಗೆ ಮುನ್ನ

ಹುಣಸೆಯೋ ಕಡಲೆಕಾಯಿಯೋ ಒಂದು ವರ್ಷ ಕೈಹಿಡಿಯಿತೆಂದರೆ ಜಾತ್ರೆಗೆ ಹೋಗಿ ಒಂದು ಜೊತೆ ಎತ್ತುಗಳನ್ನು ಹೊಡೆದುಕೊಂಡು ಬರುತ್ತಿದ್ದ ನಮ್ಮ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಯ ಗೃಹಸ್ಥರು ಈಗ ಅದೇ ಹಣಕ್ಕೆ ಇನ್ನಷ್ಟು ಸಾಲವನ್ನು ಸೇರಿಸಿ ಒಂದು ಸೆಕೆಂಡ್ ಹ್ಯಾಂಡ್ ಕಾರನ್ನು ತರುತ್ತಿರುವುದು ಆಡಂಬರದ ಲಕ್ಷಣವೆಂದು ನಾನು ಸರ್ವಥಾ ಭಾವಿಸುವುದಿಲ್ಲ. ನಡುರಾತ್ರಿ ಎದೆನೋವೆಂದು ಎದ್ದು ಕುಳಿತ ವೃದ್ಧರನ್ನು ನಲವತ್ತು ಕಿಲೋಮೀಟರುಗಳಾಚೆಯ ತುಮಕೂರಿಗೆ ಮುಟ್ಟಿಸಬೇಕಾದ ಮನೆಗೆ ಕಾರು ಅವಶ್ಯಕ. ಹೊಸದನ್ನು ಕೊಳ್ಳುವ ಶಕ್ತಿಯಿಲ್ಲದವರಿಗೆ ಹಳೆಯದೇ ಆಶ್ರಯ. ಅಂಥವರ ಉಳಿತಾಯವೆಲ್ಲ ಒಂದು ಕೆಟ್ಟ ಇಂಜಿನ್ನಿನಲ್ಲಿ ಸಿಕ್ಕಿಕೊಂಡಾಗ, ಹಳೇ ಗಾಡಿಯ ಹಣೆಬರಹವೇ ಇಷ್ಟೆಂದು ಅವರು ಸುಮ್ಮನಾಗುವುದನ್ನು ಕಂಡು ನನಗಾಗುವ ವ್ಯಥೆಯೇ ಈ ಲೇಖನಕ್ಕೆ ಕಾರಣ.

ನಾನು ಕೊಂಡ ಕಾರು ಜಿಲ್ಲೆಯೊಳಗಿನ ಒಬ್ಬ ವ್ಯಾಪಾರಿಯದು; ಬೆಲೆ ಮೂರು ಲಕ್ಷ ರೂಪಾಯಿಗಳಿಗೆ ತುಸು ಮೇಲು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬ್ಯಾಂಕಿನ ಸಾಲ. ಓಡಿಸಿ ನೋಡಿದ್ದೆವು, ಪರಿಚಯದ ಮೆಕ್ಯಾನಿಕ್ಕೊಬ್ಬ ಅಡಿಯಲ್ಲಿ ನುಸುಳಿಯೂ ನೋಡಿದ್ದ, ದೋಷವೇನೂ ಕಾಣಲಿಲ್ಲ. ತಿಂಗಳು ತುಂಬುವುದರೊಳಗೆ ಒಂದು ಮಧ್ಯಾಹ್ನ, ಕೊರಟಗೆರೆಯನ್ನು ದಾಟಿ ಮಧುಗಿರಿಯ ಕಡೆಗೆ ಬರುತ್ತಿದ್ದಾಗ, ಟೆಂಪರೇಚರ್ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು. ಗಾಡಿಯನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ ಫೋನು ಮಾಡಿದೆ. ಬಂದ ಮೆಕ್ಯಾನಿಕ್ ಇಂಜಿನ್ ಪೂರ್ತಿ ಆರುವ ಪರ್ಯಂತ ಕಾದಿದ್ದು, ಆಯಿಲ್ ಮುಚ್ಚಳವನ್ನು ತಿರುಗಿಸಿ ತೆಗೆದು ನನ್ನ ಕಣ್ಣಿನ ಹತ್ತಿರಕ್ಕೆ ಹಿಡಿದ. ಎಣ್ಣೆಯ ಕಪ್ಪು ಜಿಡ್ಡಿರಬೇಕಾದಲ್ಲಿ, ಮುಚ್ಚಳದ ಒಳಮೈಗೆಲ್ಲ ಮಾಸಲು ಬಿಳುಪಿನ ಕೆನೆ ಮೆತ್ತಿಕೊಂಡಿತ್ತು. ಬೆರಳಿನಿಂದ ಒರೆಸಿದರೆ ಜಿಡ್ಡಿನ ನಡುವೆ ನೀರಿನ ಹನಿಗಳು. "ಹೆಡ್ ಗ್ಯಾಸ್ಕೆಟ್ ಹೋಗೈತೆ ಸಾರ್, ಆಯಿಲ್‌ಗೆ ನೀರು ಸೇರ್ಕಂಡೈತೆ. ಇನ್ನ ಸ್ಟಾರ್ಟ್ ಮಾಡ್ಬೇಡಿ" ಎಂದ.

ಇಂಜಿನ್ನಿನ ಬ್ಲಾಕಿಗೂ ಅದರ ಮೇಲಣ ಹೆಡ್ಡಿಗೂ ನಡುವೆ ಕುಳಿತು, ಎಣ್ಣೆಯ ದಾರಿಯನ್ನೂ ಕೂಲೆಂಟಿನ ದಾರಿಯನ್ನೂ ಬೇರೆಬೇರೆಯಾಗಿ ಕಾಪಾಡುವ ತೆಳುವಾದ ಪದರವೇ ಈ ಗ್ಯಾಸ್ಕೆಟ್. ಅದು ಒಡೆದ ಮೇಲೂ ಗಾಡಿ ಸ್ವಲ್ಪ ದೂರ ಓಡುತ್ತದೆ. ಆದರೆ ನೀರು ಬೆರೆತ ಎಣ್ಣೆಗೆ ಜಾರುಗುಣ ತಗ್ಗುವುದರಿಂದ ಬೇರಿಂಗುಗಳು ಸವೆದು, ಸಾವಿರಗಳಲ್ಲಿ ಮುಗಿಯಬಹುದಾದ ಖರ್ಚು ಲಕ್ಷವನ್ನು ಮುಟ್ಟಬಹುದು. ಮಾರಾಟಕ್ಕೆ ಮುನ್ನ ಎಣ್ಣೆಯನ್ನು ಪೂರ್ತಿ ಬಸಿದು ಹೊಸದನ್ನು ತುಂಬಿಟ್ಟರೆ ಈ ಗುರುತು ಕೆಲವು ಕಾಲ ಅಡಗಿಯೇ ಇರುತ್ತದೆಂಬುದೂ ನನಗೆ ಅಂದು ತಿಳಿಯಿತು.

ಇಂಥ ಹೊತ್ತಿನಲ್ಲಿ ಸಂಸಾರಸ್ಥನಾದವನಿಗೆ ಮೊದಲು ತೋಚುವುದು ರಿಪೇರಿ. ಮನೆಯಲ್ಲಿ ಕಾರಿನ ಅಗತ್ಯವಿದೆ, ಮೆಕ್ಯಾನಿಕ್ ಎದುರಿಗೇ ನಿಂತಿದ್ದಾನೆ, ಮಾರಿದವನೊಡನೆ ಆಮೇಲೆ ಮಾತಾಡಿದರಾಯಿತೆಂದು ಇಂಜಿನ್ನನ್ನು ಬಿಚ್ಚಿಸಿಬಿಡುತ್ತೇವೆ. ಬಿಚ್ಚಿದ ಮೇಲೆ ದೋಷವು ಯಾವ ಸ್ಥಿತಿಯಲ್ಲಿತ್ತು, ಎಷ್ಟು ಹಳೆಯದಾಗಿತ್ತು ಎಂಬುದಕ್ಕೆ ನಮ್ಮ ಮಾತಿನ ಹೊರತು ಬೇರೆ ಪ್ರಮಾಣವಿಲ್ಲ. ದೋಷವನ್ನು ರುಜುವಾತುಪಡಿಸುವ ಭಾರವಾದರೋ ದೂರು ಕೊಟ್ಟವನ ಮೇಲೆಯೇ ಬೀಳುತ್ತದೆ. ಆದುದರಿಂದ ನಾನು ಗಾಡಿಯನ್ನು ಟೋ ಮಾಡಿಸಿ ಗ್ಯಾರೇಜಿಗೆ ಸೇರಿಸಿ, ಬೋಲ್ಟಿಗೆ ಸ್ಪ್ಯಾನರ್ ಹಾಕುವ ಮೊದಲು ನಂಬರ್ ಪ್ಲೇಟು, ಕಿಲೋಮೀಟರ್ ಓದು, ಆಯಿಲ್ ಮುಚ್ಚಳ, ಇವು ಒಂದೇ ಓಟದಲ್ಲಿ ಕಾಣುವಂತೆ ವಿಡಿಯೋ ಮಾಡಿಸಿದೆ. ದೋಷ ಯಾವುದು, ಕಾರಣವೇನು, ತಗಲುವ ಖರ್ಚೆಷ್ಟು ಎಂಬುದನ್ನು ಮೆಕ್ಯಾನಿಕ್ಕಿನಿಂದ ಗ್ಯಾರೇಜಿನ ಬಿಲ್ಲುಹಾಳೆಯ ಮೇಲೆ ಬರೆಸಿ ಸಹಿ ಹಾಕಿಸಿದೆ. ಆಮೇಲೆ ಆ ಕಂಪೆನಿಯ ಸರ್ವೀಸ್ ಸೆಂಟರಿನಲ್ಲಿ ವಾಹನದ ಹಿಂದಿನ ದಾಖಲೆಗಳನ್ನು ಕೇಳಿ ಪಡೆದಾಗ, ಕೂಲೆಂಟ್ ಪದೇ ಪದೇ ಕಡಮೆಯಾಗುತ್ತಿದೆಯೆಂದು ಹಿಂದಿನ ಮಾಲೀಕರು ಬರೆಸಿದ್ದ ದೂರು ಅದರಲ್ಲಿತ್ತು. ನನ್ನ ಪಾಲಿಗೆ ಅದಕ್ಕಿಂತ ಬೆಲೆಯುಳ್ಳ ಕಾಗದ ಮತ್ತೊಂದಿರಲಿಲ್ಲ.

ವ್ಯಾಪಾರಿಗೆ ತಿಳಿಸಿದಾಗ ಬಂದ ಉತ್ತರ ಎಲ್ಲರೂ ಕೇಳಿರುವುದೇ: "ಹಳೇ ಗಾಡಿ ಅಂದ್ಮೇಲೆ ಏನಾದ್ರೂ ಇದ್ದೇ ಇರ್ತದೆ ಸಾರ್." ಈ ಮಾತಿನಲ್ಲಿ ಅರ್ಧ ಸತ್ಯವಿದೆಯೆಂಬುದನ್ನು ಒಪ್ಪಬೇಕು. ಕೊಳ್ಳುವವನು ಸರಕನ್ನು ಪರೀಕ್ಷಿಸಿ ನೋಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಲೇಬೇಕಾಗಿದ್ದ ದೋಷಗಳಿಗೆ ಮಾರಿದವನನ್ನು ಹೊಣೆ ಮಾಡುವಂತಿಲ್ಲವೆಂದು 1930ರ ಸರಕು ಮಾರಾಟ ಅಧಿನಿಯಮದ 16ನೆಯ ಪ್ರಕರಣವೇ ಹೇಳುತ್ತದೆ. ಸವೆದ ಟೈರಿಗೂ ಬಣ್ಣ ಹೋದ ಬಾಗಿಲಿಗೂ ಜಗಳವಾಡುವುದು ನ್ಯಾಯವಲ್ಲ. ಆದರೆ ಇಂಜಿನ್ನಿನ ಒಳಗಡೆ ಅಡಗಿದ್ದ ಒಡಕು ಆ ಜಾತಿಯದಲ್ಲ. ಇಂತಹ ಉದ್ದೇಶಕ್ಕೆ ಬೇಕೆಂದು ತಿಳಿಸಿ, ಅದೇ ಕಸುಬಿನ ವ್ಯಾಪಾರಿಯ ತಿಳಿವಳಿಕೆಯನ್ನು ನಂಬಿ ಕೊಂಡ ಸರಕು ಆ ಉದ್ದೇಶಕ್ಕೆ ತಕ್ಕಮಟ್ಟಿಗಾದರೂ ಒದಗಬೇಕೆಂಬುದನ್ನೂ ಅದೇ ಪ್ರಕರಣ ವಿಧಿಸಿದೆ. ಇನ್ನು 42ನೆಯ ಪ್ರಕರಣದಂತೆ, ಸರಕನ್ನು ತಿರಸ್ಕರಿಸಿರುವುದಾಗಿ ಯುಕ್ತವಾದ ಕಾಲದೊಳಗೆ ತಿಳಿಸದೆ ಇಟ್ಟುಕೊಂಡವನು ಅದನ್ನು ಸ್ವೀಕರಿಸಿದಂತೆಯೇ ಲೆಕ್ಕ. ಹೀಗಾಗಿ ಫೋನಿನಲ್ಲಿ ಎಷ್ಟು ಸಲ ಜಗಳವಾಡಿದರೂ ಅದು ಬರೆದು ಕಳುಹಿಸಿದ ಒಂದು ಪತ್ರಕ್ಕೆ ಸಮನಾಗದು. ನಾನು ಪತ್ರವನ್ನು ವಿತರಣೆಯ ರುಜುವಾತು ದೊರೆಯುವಂತೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ಪ್ರತಿಯನ್ನು ವಾಟ್ಸಾಪಿನಲ್ಲಿಯೂ ಹಾಕಿದೆ.

ನನ್ನ ಕೈಯನ್ನು ಬಲಪಡಿಸಿದ್ದು ಮಾತ್ರ ಕೊಳ್ಳುವ ಮೊದಲು ಕೇಳಿದ್ದ ಪ್ರಶ್ನೆ. 1872ರ ಭಾರತೀಯ ಕರಾರು ಅಧಿನಿಯಮವು ವಂಚನೆಯನ್ನು ವಿವರಿಸುವ 17ನೆಯ ಪ್ರಕರಣದಲ್ಲಿ ಒಂದು ಕುದುರೆಯ ದೃಷ್ಟಾಂತವನ್ನು ಕೊಡುತ್ತದೆ. ರೋಗಿಷ್ಠವೆಂದು ತನಗೆ ಗೊತ್ತಿರುವ ಕುದುರೆಯನ್ನು ಒಬ್ಬನು ಹರಾಜಿನಲ್ಲಿ ಮಾರಿ, ಅದರ ವಿಷಯವಾಗಿ ಏನನ್ನೂ ಹೇಳದಿದ್ದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವನು "ನೀನು ಅಲ್ಲವೆನ್ನದಿದ್ದರೆ ಕುದುರೆ ಆರೋಗ್ಯವಾಗಿದೆಯೆಂದೇ ತಿಳಿಯುತ್ತೇನೆ" ಎಂದ ಮೇಲೂ ಮಾರುವವನು ಬಾಯಿ ತೆರೆಯದಿದ್ದರೆ, ಆ ಮೌನವೇ ಮಾತಿಗೆ ಸಮ. ಇದನ್ನು ಓದಿದಾಗ ನನಗೆ ಸಿದ್ಧಗಂಗೆಯ ದನಗಳ ಜಾತ್ರೆ ನೆನಪಾಯಿತು. ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವ ಮೊದಲು ನಮ್ಮ ರೈತನು ಎತ್ತಿನ ಹಲ್ಲು ನೋಡಿ, ಸುಳಿ ನೋಡಿ, ನಡೆಸಿ ನೋಡಿ, ಅಷ್ಟಕ್ಕೇ ತೃಪ್ತನಾಗದೆ, ಹಾಯುತ್ತದೆಯೇ, ಒದೆಯುತ್ತದೆಯೇ, ನೊಗ ಹೊತ್ತು ಮಲಗುತ್ತದೆಯೇ ಎಂದು ನಾಲ್ಕು ಜನರ ಎದುರಿಗೆ ಬಾಯಿಬಿಟ್ಟು ಕೇಳುತ್ತಾನೆ. ಅದೇ ರೀತಿ ನಾನೂ ಮುಂಗಡ ಕೊಡುವ ಮೊದಲು ವ್ಯಾಪಾರಿಗೆ ಮೊಬೈಲಿನಲ್ಲಿ ಬರೆದು ಕೇಳಿದ್ದೆ: ಇಂಜಿನ್ ಬಿಚ್ಚಿದ್ದುಂಟೇ, ಬಿಸಿಯೇರುವ ತೊಂದರೆಯುಂಟೇ, ಅಪಘಾತವಾಗಿದೆಯೇ, ನೀರಿನಲ್ಲಿ ಮುಳುಗಿದ್ದೇ? 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಎಷ್ಟೋ ಕಾರುಗಳು ಮುಳುಗಿದ್ದನ್ನು ಕಂಡವರಿಗೆ ಈ ಕಡೆಯ ಪ್ರಶ್ನೆ ಅತಿಯೆನಿಸಲಾರದು. "ಏನೂ ಇಲ್ಲ ಸಾರ್, ಇಂಜಿನ್ ಗ್ಯಾರಂಟಿ" ಎಂದು ಬಂದಿದ್ದ ಉತ್ತರವನ್ನು ಅಳಿಸದೆ ಇಟ್ಟಿದ್ದೆ. ಸರ್ವೀಸ್ ದಾಖಲೆಯೂ ಈ ಉತ್ತರವೂ ಒಂದರ ಪಕ್ಕದಲ್ಲೊಂದು ಕುಳಿತಾಗ ವ್ಯಾಪಾರಿಯ ಧ್ವನಿ ಬದಲಾಯಿತು.

ಒಪ್ಪದಿದ್ದರೆ ಮುಂದೇನು? ಮಾರಿದವನು ವ್ಯಾಪಾರಿಯಾಗಿದ್ದಲ್ಲಿ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಮೇರೆಗೆ ತುಮಕೂರಿನಲ್ಲಿರುವ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಂಡದ್ದು ಬೆಂಗಳೂರಿನಲ್ಲೇ ಆಗಿದ್ದರೂ ವಾಸಿಸುವ ಜಿಲ್ಲೆಯಲ್ಲಿ ದೂರು ಹೂಡುವ ಅವಕಾಶ ಈ ಕಾಯಿದೆಯಿಂದ ದೊರೆತಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಗಳ ಒಳಗಿದ್ದರೆ ಶುಲ್ಕವಿಲ್ಲ, 10 ಲಕ್ಷದ ತನಕ 200 ರೂಪಾಯಿ. ವಕೀಲರಿಲ್ಲದೆ ತಾವೇ ವಾದಿಸಬಹುದು. ವ್ಯಾಜ್ಯಕಾರಣ ಹುಟ್ಟಿದ 2 ವರ್ಷಗಳೊಳಗೆ ದೂರು ಸಲ್ಲಿಸಬೇಕು. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಮೊದಲು ಕರೆ ಮಾಡಿ ನೋಡುವುದೂ ಒಳ್ಳೆಯದೇ. ಸಾಲ ಮಾಡಿ ಕಾರು ಕೊಂಡು, ಬಾಡಿಗೆ ಓಡಿಸಿ ಹೊಟ್ಟೆ ಹೊರೆಯುವ ಪಾವಗಡದ ಹುಡುಗನೊಬ್ಬ, ತನ್ನದು ವಾಣಿಜ್ಯವಾದ್ದರಿಂದ ಆಯೋಗದ ಬಾಗಿಲು ಮುಚ್ಚಿದೆಯೆಂದು ನಂಬಿ ಕುಳಿತಿದ್ದ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ಕೊಂಡವನನ್ನು ಕಾಯಿದೆ ಗ್ರಾಹಕನೆಂದೇ ಎಣಿಸುತ್ತದೆ. ನೆರೆಯವರಿಂದಲೋ ಬಂಧುಗಳಿಂದಲೋ ನೇರವಾಗಿ ಕೊಂಡವರ ಸ್ಥಿತಿ ಬೇರೆ. ವ್ಯಾಪಾರವೇ ಕಸುಬಲ್ಲದವರ ಮೇಲೆ ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕಾಗುತ್ತದೆ. ಹಾಗೆ ಹೋಗುವ ಮುನ್ನ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್ತಿನಲ್ಲಿ ಕುಳಿತು ಮಾತಾಡುವುದು ಸಂಬಂಧವನ್ನೂ ಹಣವನ್ನೂ ಉಳಿಸೀತು.

"ನಾನು ಬರೀ ಬ್ರೋಕರ್" ಎಂದು ಜಾರಿಕೊಳ್ಳುವವರೂ ಉಂಟು. ನೋಂದಣಿಯಾದ ಹಳೆಯ ವಾಹನಗಳ ವ್ಯಾಪಾರ ಮಾಡುವವರು ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಣ ಕೊಡುವ ಮೊದಲೇ ಅದನ್ನು ತೋರಿಸೆನ್ನಿ.

ಹಣಕಾಸಿನ ದೃಷ್ಟಿಯಿಂದ ಇನ್ನೊಂದು ಸಂಗತಿ ಅತ್ಯಂತ ಮುಖ್ಯ. ಕೆಟ್ಟ ಕಾರಿಗೆ ಕಂತು ಏಕೆ ಕಟ್ಟಬೇಕೆಂಬ ರೋಷದಲ್ಲಿ ಬ್ಯಾಂಕಿನ ಇಎಂಐ ನಿಲ್ಲಿಸುವವರಿದ್ದಾರೆ. ಸಾಲ ಕೊಟ್ಟ ಬ್ಯಾಂಕು ಇಂಜಿನ್ನಿಗೆ ಹೊಣೆಯಲ್ಲ. ಕಂತು ತಪ್ಪಿದರೆ ಕೆಡುವುದು ನಮ್ಮ ಸಿಬಿಲ್ ಅಂಕ, ಮುಂದೆ ಬೆಳೆಸಾಲಕ್ಕೋ ಮಕ್ಕಳ ಓದಿನ ಸಾಲಕ್ಕೋ ಹೋದಾಗ ಅದು ಎದುರು ನಿಲ್ಲುತ್ತದೆ. ಕಟ್ಟುತ್ತಲೇ ಇದ್ದು, ಬಾಡಿಗೆ ಗಾಡಿಗೆ ತೆತ್ತ ಹಣದ ರಸೀದಿಗಳನ್ನೂ ಟೋ ಮಾಡಿಸಿದ ಬಿಲ್ಲನ್ನೂ ಜೋಡಿಸಿಟ್ಟು ನಷ್ಟದ ಲೆಕ್ಕದಲ್ಲಿ ಸೇರಿಸಿ ಕೇಳುವುದೇ ಸರಿ. ಅಂತೆಯೇ ವ್ಯಾಜ್ಯವಿದೆಯೆಂದು ಆರ್‌ಸಿ ವರ್ಗಾವಣೆಯನ್ನು ತೂಗುಹಾಕಬಾರದು. ಮಧುಗಿರಿಯಲ್ಲಿಯೇ ಕೆಎ 64ರ ಕಚೇರಿಯಿರುವಾಗ ದೂರದ ನೆಪವೂ ಇಲ್ಲ. ಮಡಕಶಿರಾ, ಹಿಂದೂಪುರಗಳಿಂದ ಅಗ್ಗಕ್ಕೆ ಆಂಧ್ರದ ಗಾಡಿ ತರುವ ಗಡಿಯವರು ಮಾತ್ರ, ಅಲ್ಲಿಯ ನಿರಾಕ್ಷೇಪಣಾ ಪತ್ರವನ್ನೂ ಇಲ್ಲಿ ಕಟ್ಟಬೇಕಾದ ತೆರಿಗೆಯನ್ನೂ ಬೆಲೆಯೊಡನೆ ಕೂಡಿಸಿ ನೋಡಬೇಕು.

ನನ್ನ ವಿಷಯದಲ್ಲಿ ದೂರಿನ ಕರಡನ್ನು ಸಿದ್ಧಪಡಿಸಿ ವ್ಯಾಪಾರಿಗೆ ಒಂದು ಪ್ರತಿ ಕಳುಹಿಸಿದ ಮೇಲೆ ರಾಜಿಯ ಮಾತು ಬಂದಿತು. ಬಿಡಿಭಾಗಗಳ ಬೆಲೆಯೂ ಹೆಡ್ ಮಟ್ಟಮಾಡಿಸುವ ಖರ್ಚೂ ಅವರದು, ಕೂಲಿ ನನ್ನದು ಎಂದು ತೀರ್ಮಾನವಾಯಿತು. ಆಯೋಗಕ್ಕೆ ಹೋಗಿದ್ದರೆ ಇನ್ನೂ ಹೆಚ್ಚು ದೊರೆಯುತ್ತಿತ್ತೋ ಏನೋ. ಮನೆಯಲ್ಲಿ ವಯಸ್ಸಾದವರಿದ್ದುದರಿಂದ ಕಾರು ಬೇಗ ರಸ್ತೆಗೆ ಬರುವುದೇ ನನಗೆ ಹೆಚ್ಚೆನಿಸಿತು. "ಎರಡೂ ಕಡೆಯವರಿಗೆ ಒಪ್ಪಿಗೆಯಾಗಿ ಮುಗಿಯಿತು" ಎಂಬ ಒಂದೇ ಸಾಲಿನ ಕಾಗದವನ್ನು ಅವರು ಮುಂದಿಟ್ಟಾಗ ನಾನು ಸಹಿ ಹಾಕಲಿಲ್ಲ. ಬದಲಿಸುವ ಭಾಗಗಳ ಹೆಸರು, ಮೊತ್ತ, ಬ್ಯಾಂಕಿನ ಮೂಲಕ ಪಾವತಿಯಾಗುವ ದಿನಾಂಕ, ಆರು ತಿಂಗಳೊಳಗೆ ಅದೇ ದೋಷ ಮರುಕಳಿಸಿದರೆ ಆ ವೆಚ್ಚವೂ ಅವರದೇ ಎಂಬ ಷರತ್ತು, ಇಷ್ಟನ್ನೂ ಬರೆಸಿ, ಹಣ ಖಾತೆಗೆ ಬಂದ ಮರುದಿನವೇ ಇಂಜಿನ್ನನ್ನು ಬಿಚ್ಚಲು ಒಪ್ಪಿಗೆ ಕೊಟ್ಟೆ.