ನೀರು ಕುಡಿಯಲು ಹೆದರಬೇಕಿಲ್ಲದ ನೌಕೆ

ಪುಟ್ಟೀ,

ಗೌರಿ ಹಬ್ಬಕ್ಕೆ ಬಂದವಳು ಹೊಸ ಕೆಲಸದ ಸುದ್ದಿ ಹೇಳಿದೆ. ಗಗನಯಾನ ನೌಕೆಯಲ್ಲಿ ಗಗನಯಾತ್ರಿಗಳಿರುವ ಕೋಣೆಯ ನೀರು, ಶೌಚದ ವ್ಯವಸ್ಥೆ ನೋಡಿಕೊಳ್ಳುವ ತಂಡಕ್ಕೆ ಹಾಕಿದ್ದಾರೆ ಅನ್ನುವಾಗ ನಿನ್ನ ದನಿ ಇಳಿದದ್ದು ನನಗೆ ಕೇಳಿಸಿತು. "ಎಂಜಿನ್ ಕಡೆ ಹೋಗಬೇಕು ಅಂತಿದ್ದೆ ಅತ್ತೆ, ಸಿಕ್ಕಿದ್ದು ಕಕ್ಕಸಿನ ಕೆಲಸ" ಅಂದೆ. ಮನೆ ತುಂಬ ಜನ, ಆವತ್ತು ಮಾತು ಬೆಳೆಸಲಿಲ್ಲ. ಬಳ್ಳಾರಿಯ ಬಿಸಿಲಲ್ಲಿ ಮೂವತ್ತೈದು ವರ್ಷ ಮೂತ್ರಪಿಂಡದ ರೋಗಿಗಳನ್ನು ನೋಡಿದವಳು ನಾನು. ನಿನಗೆ ಸಿಕ್ಕಿರುವ ಕೆಲಸ ಎಷ್ಟು ದೊಡ್ಡದು ಅನ್ನುವುದು ನಿನಗಿಂತ ಚೆನ್ನಾಗಿ ನನಗೆ ಗೊತ್ತು. ಸ್ವಲ್ಪ ಪುರುಸೊತ್ತು ಮಾಡಿಕೊಂಡು ಓದು.

ಮೊದಲು ನನ್ನ ಒಬ್ಬ ರೋಗಿಯ ಕತೆ. ಹಳ್ಳಿಯ ಶಾಲೆಯೊಂದರ ಟೀಚರ್. ಆ ಶಾಲೆಯಲ್ಲಿ ಹೆಂಗಸರಿಗೆ ಬಳಸುವಂಥ ಶೌಚಾಲಯ ಇರಲಿಲ್ಲ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ಸಂಜೆ ಐದರ ತನಕ ಗುಟುಕು ನೀರೂ ಬಾಯಿಗೆ ಹಾಕುತ್ತಿರಲಿಲ್ಲ, ಕುಡಿದರೆ ಹೋಗಬೇಕಾಗುತ್ತದಲ್ಲ ಅಂತ. ಹನ್ನೊಂದು ವರ್ಷ ಹಾಗೇ ನಡೆಸಿದರು. ನನ್ನ ಹತ್ತಿರ ಬಂದಾಗ ಎರಡೂ ಕಡೆ ಹರಳು, ಒಂದು ಕಡೆಯ ಕಿಡ್ನಿ ಬಹುಪಾಲು ಕೆಲಸ ನಿಲ್ಲಿಸಿತ್ತು. "ನೋವೇ ಇರಲಿಲ್ಲವಲ್ಲ ಡಾಕ್ಟ್ರೇ" ಅಂದರು. ಅದೇ ನೋಡು ಮೂತ್ರಪಿಂಡದ ಸ್ವಭಾವ. ಹಲ್ಲು ಹುಳುಕಾದರೆ ರಾತ್ರಿಯೆಲ್ಲ ಕೂಗುತ್ತದೆ. ಮೂತ್ರಪಿಂಡ ಮುಕ್ಕಾಲು ಹಾಳಾದರೂ ದೂರು ಹೇಳುವುದಿಲ್ಲ. ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಅದರಲ್ಲಿ ಒಂದೂವರೆ ಎರಡು ಲೀಟರ್ ಮಾತ್ರ ಹೊರಗೆ ಬಿಟ್ಟು, ಉಳಿದದ್ದನ್ನೆಲ್ಲ ದೇಹಕ್ಕೆ ಹಿಂದಿರುಗಿಸುವ ಅಂಗ ಅದು. ಒಂದೊಂದರಲ್ಲೂ ಸುಮಾರು ಹತ್ತು ಲಕ್ಷ ಸೋಸುವ ಘಟಕಗಳಿವೆ, ನೆಫ್ರಾನ್ ಅಂತ ಓದಿರುತ್ತೀಯಲ್ಲ, ಅವು. ಒಮ್ಮೆ ಸತ್ತದ್ದು ಮತ್ತೆ ಚಿಗುರುವುದಿಲ್ಲ.

ಆ ಟೀಚರ್ ಮಾಡಿದ್ದನ್ನೇ ಗಗನಯಾತ್ರಿಗಳೂ ಮಾಡಿಕೊಂಡು ಬಂದಿದ್ದಾರೆ. 1961ರ ಮೇ 5ರಂದು ಅಲನ್ ಶೆಪರ್ಡ್ ಹೊರಟದ್ದು ಹದಿನೈದು ನಿಮಿಷದ ಹಾರಾಟಕ್ಕೆ. ಅಷ್ಟಕ್ಕೆ ಮೂತ್ರದ ವ್ಯವಸ್ಥೆ ಯಾಕೆ ಅಂತ ಯಾರೂ ಅದರ ಯೋಚನೆ ಮಾಡಿರಲಿಲ್ಲ. ಉಡಾವಣೆ ಗಂಟೆಗಟ್ಟಲೆ ತಡವಾಯಿತು, ಆತ ಕೊನೆಗೆ ತೊಟ್ಟ ಉಡುಪಿನಲ್ಲೇ ಮಾಡಬೇಕಾಯಿತು. 1970ರಲ್ಲಿ ಅಪೋಲೋ 13ರ ಆಮ್ಲಜನಕದ ಟ್ಯಾಂಕ್ ಒಡೆದಾಗ ಅದರಲ್ಲಿದ್ದ ಮೂವರೂ ದಿನಕ್ಕೆ ಒಂದು ಲೋಟದಷ್ಟು ನೀರಿನಲ್ಲಿ ದಿನ ದೂಡಿದರು. ಮೂತ್ರವನ್ನು ಹೊರಗೆ ಚೆಲ್ಲಿದರೆ ನೌಕೆಯ ದಾರಿ ತಪ್ಪೀತೆಂದು ಚೀಲಗಳಲ್ಲೇ ತುಂಬಿಟ್ಟುಕೊಂಡರು. ಅವರಲ್ಲೊಬ್ಬರಾದ ಫ್ರೆಡ್ ಹೇಯ್ಸ್‌ಗೆ ಮೂತ್ರದ ಸೋಂಕು ಹತ್ತಿತು, ಚಳಿಜ್ವರದಲ್ಲಿ ನಡುಗುತ್ತಲೇ ಭೂಮಿಗೆ ಇಳಿದರು. ಆ ಯಾನದ ಕತೆ ಹೇಳುವವರು ಆಮ್ಲಜನಕದ ಬಗ್ಗೆ, ಗಣಿತದ ಬಗ್ಗೆ ಹೇಳುತ್ತಾರೆ. ನಾನು ಓದಿದಾಗಲೆಲ್ಲ ನನ್ನ ಕಣ್ಣಿಗೆ ಬೀಳುವುದು ಆ ಒಂದು ಲೋಟ ನೀರು.

ಇನ್ನೊಂದು ಪ್ರಸಂಗ ಸೋವಿಯತ್ ಒಕ್ಕೂಟದ ಸಲ್ಯುತ್-7 ನಿಲ್ದಾಣದ್ದು. 1982ರಲ್ಲಿ ಅಲ್ಲಿದ್ದ ಗಗನಯಾತ್ರಿಯೊಬ್ಬರಿಗೆ ಹರಳಿನ ನೋವು ಶುರುವಾಯಿತು. ಬೆನ್ನಿಂದ ತೊಡೆಸಂದಿಗೆ ಇಳಿಯುವ ಆ ನೋವು ಎಂಥದ್ದು ಅಂತ ನಿನ್ನಪ್ಪನನ್ನು ಕೇಳು, ಗೋಡೆ ಹಿಡಿದು ಅತ್ತಿದ್ದಾನೆ. ಯಾನವನ್ನೇ ಮೊಟಕು ಮಾಡಿ ಕರೆಸಿಕೊಳ್ಳುವುದೇ ಅನ್ನುವ ಮಟ್ಟಕ್ಕೆ ಹೋಗಿತ್ತು, ಅಷ್ಟರಲ್ಲಿ ಹರಳು ತಾನಾಗಿ ಜಾರಿ ಹೋಯಿತು. ಎರಡು ವರ್ಷದ ನಂತರ, 1984ರ ಏಪ್ರಿಲ್‌ನಲ್ಲಿ, ನಮ್ಮ ರಾಕೇಶ್ ಶರ್ಮ ಹೋಗಿ ಉಳಿದದ್ದು ಅದೇ ಸಲ್ಯುತ್-7ರಲ್ಲಿ. ಅಲ್ಲಿಂದ ಭೂಮಿಗೆ ಕೆಲವು ಗಂಟೆಗಳ ದಾರಿ, ಆ ಧೈರ್ಯವಾದರೂ ಇತ್ತು. ಮಂಗಳದ ದಾರಿಯ ನಡುವೆ ಅದೇ ನೋವು ಬಂದರೆ ಎಲ್ಲಿಗೆ ಕರೆತರುತ್ತೀರಿ? ಹೋಗಲು ಆರೇಳು ತಿಂಗಳು ಬೇಕು, ಹೊರಟ ಮೇಲೆ ನಡುದಾರಿಯಲ್ಲಿ ತಿರುಗಿ ಬರುವಂತಿಲ್ಲ.

ಹರಳು ಯಾಕೆ ಆಗುತ್ತದೆ ಅನ್ನುವುದಕ್ಕೆ ಇನ್ನೊಬ್ಬ ರೋಗಿಯನ್ನು ನೆನೆಯುತ್ತೇನೆ. ಗಣಿಯ ಲಾರಿ ಓಡಿಸುತ್ತಿದ್ದ ಹುಡುಗ, ತೊಡೆಯ ಮೂಳೆ ಮುರಿದು ಮೂರು ತಿಂಗಳು ಹಾಸಿಗೆಯಲ್ಲಿದ್ದ. ಕಾಲೇನೋ ಕೂಡಿತು, ಎದ್ದು ಓಡಾಡುವ ಹೊತ್ತಿಗೆ ಹರಳು ಕಾಣಿಸಿಕೊಂಡಿತು. ಮೂಳೆಗೆ ದೇಹದ ಭಾರ ಬೀಳದೆ ಇದ್ದರೆ ಅದು ತನ್ನಲ್ಲಿರುವ ಸುಣ್ಣದ ಅಂಶವನ್ನು ರಕ್ತಕ್ಕೆ ಬಿಟ್ಟುಕೊಡುತ್ತದೆ, ರಕ್ತದಿಂದ ಅದು ಮೂತ್ರಕ್ಕೆ ಬರುತ್ತದೆ. ತೂಕವೇ ಇಲ್ಲದ ಜಾಗದಲ್ಲಿ ಎಲ್ಲರೂ ಹಾಸಿಗೆ ಹಿಡಿದವರ ಹಾಗೆಯೇ. ಸೊಂಟ, ತೊಡೆಗಳ ಮೂಳೆ ಅಲ್ಲಿ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಸವೆಯುತ್ತದೆ. ಮುಟ್ಟು ನಿಂತ ಹೆಂಗಸರಿಗೆ ಹೆಚ್ಚು ಕಡಿಮೆ ವರ್ಷಕ್ಕೆ ಆಗುವ ಸವೆತ ಅದು. ಇದರ ಜೊತೆಗೆ ಕಾಲಿನಲ್ಲಿರಬೇಕಾದ ಸುಮಾರು ಎರಡು ಲೀಟರ್ ದ್ರವ ಎದೆಗೆ, ತಲೆಗೆ ಏರುತ್ತದೆ. ಮುಖ ಊದುತ್ತದೆ, ಕಾಲು ಕಡ್ಡಿಯಾಗುತ್ತದೆ. ನೀರು ಹೆಚ್ಚಾಗಿದೆ ಅಂತ ದೇಹ ಭಾವಿಸಿಕೊಳ್ಳುತ್ತದೆ, ಬಾಯಾರಿಕೆ ಕುಗ್ಗುತ್ತದೆ. ಮೂತ್ರ ಗಟ್ಟಿಯಾಗುತ್ತದೆ, ಅದರಲ್ಲಿ ಸುಣ್ಣ ತುಂಬಿರುತ್ತದೆ. ಹರಳು ಕಟ್ಟಲು ಇನ್ನೇನು ಬೇಕು ಹೇಳು.

ನಿನ್ನಂಥವರು ಮರೆಯಬಾರದ ಒಂದು ಸಂಗತಿ ಇಲ್ಲಿದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 2008ರಿಂದ ಮೂತ್ರವನ್ನು ಬಟ್ಟಿ ಇಳಿಸಿ ಮತ್ತೆ ಕುಡಿಯುವ ನೀರು ಮಾಡುವ ಯಂತ್ರ ಇದೆ. ಮರುವರ್ಷವೇ ಅದು ಕಟ್ಟಿಕೊಂಡು ನಿಂತಿತು. ಬಿಚ್ಚಿ ನೋಡಿದರೆ ಒಳಗೆ ಜಿಪ್ಸಂ ಗಟ್ಟಿಯಾಗಿತ್ತು. ಭೂಮಿಯ ಮೇಲಿನವರ ಮೂತ್ರದಲ್ಲಿರುವುದಕ್ಕಿಂತ ಹೆಚ್ಚು ಸುಣ್ಣ ಅಲ್ಲಿನವರ ಮೂತ್ರದಲ್ಲಿತ್ತು, ಮೂತ್ರ ಕೆಡದಂತಿಡಲು ಹಾಕುತ್ತಿದ್ದ ಗಂಧಕಾಮ್ಲದ ಜೊತೆ ಆ ಸುಣ್ಣ ಸೇರಿಕೊಂಡಿತ್ತು. ಮನುಷ್ಯರ ಮೂಳೆ ಕರಗಿ ಯಂತ್ರದ ಹೊಟ್ಟೆಯಲ್ಲಿ ಹರಳಾಗಿತ್ತು. ಎಂಜಿನಿಯರುಗಳು ಗಂಧಕಾಮ್ಲ ಬಿಟ್ಟು ಫಾಸ್ಫಾರಿಕ್ ಆಮ್ಲಕ್ಕೆ ಹೋದರು, ಯಂತ್ರ ಸುಧಾರಿಸಿತು. 2023ರ ಹೊತ್ತಿಗೆ ಅಲ್ಲಿ ಶೇಕಡಾ 98ರಷ್ಟು ನೀರನ್ನು ಮರಳಿ ಪಡೆಯುವ ಮಟ್ಟ ಮುಟ್ಟಿದರು. ಯಂತ್ರಕ್ಕಾದರೆ ಆಮ್ಲ ಬದಲಿಸಬಹುದು, ಬಿಡಿಭಾಗ ಕಳಿಸಬಹುದು.

ಇಷ್ಟು ದಿನ ನಾವು ವೈದ್ಯರೂ ಮೂಳೆಯ ತಪ್ಪಿಗೆ ಮೂತ್ರಪಿಂಡ ದಂಡ ತೆರುತ್ತಿದೆ ಅಂತಲೇ ನಂಬಿದ್ದೆವು. 2024ರ ಜೂನ್‌ನಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಕೀತ್ ಸ್ಯೂ, ಸ್ಟೀಫನ್ ವಾಲ್ಷ್ ಮತ್ತು ಅವರ ಜೊತೆಗಾರರು 'ನೇಚರ್ ಕಮ್ಯುನಿಕೇಶನ್ಸ್' ಪತ್ರಿಕೆಯಲ್ಲಿ ಬರೆದದ್ದನ್ನು ಓದಿದ ಮೇಲೆ ಆ ನಂಬಿಕೆ ಅಲುಗಾಡಿತು. ಭೂಮಿಯ ಹತ್ತಿರದ ಕಕ್ಷೆಗೆ ಹೋಗಿಬಂದ 40ಕ್ಕೂ ಹೆಚ್ಚು ಯಾನಗಳ ಮನುಷ್ಯರ, ಇಲಿಗಳ ಮಾದರಿಗಳನ್ನು ಅವರು ಒಟ್ಟಿಗೆ ಇಟ್ಟು ನೋಡಿದರು. ನೆಫ್ರಾನಿನ ಕೊನೆಯ ಭಾಗದಲ್ಲಿ ಸುತ್ತಿಕೊಂಡಿರುವ ಒಂದು ಸಣ್ಣ ನಳಿಕೆ ಇದೆ. ಉಪ್ಪು, ಸುಣ್ಣ ಎಷ್ಟು ಉಳಿಯಬೇಕು, ಎಷ್ಟು ಹೋಗಬೇಕು ಅನ್ನುವ ಕೊನೆಯ ಲೆಕ್ಕ ಅಲ್ಲೇ ಆಗುವುದು. ತಿಂಗಳೂ ತುಂಬದ ವಾಸದಲ್ಲೇ ಆ ನಳಿಕೆಗಳು ಕುಗ್ಗಿದ್ದವು. ಅಂದರೆ ಮೂಳೆ ಬಿಟ್ಟ ಸುಣ್ಣದ ಜೊತೆಗೆ ಮೂತ್ರಪಿಂಡವೇ ಅಲ್ಲಿ ಉಪ್ಪಿನ ಲೆಕ್ಕ ಬದಲಿಸಿಕೊಳ್ಳುತ್ತಿದೆ. ಹರಳಿನ ಮೂಲ ಅಲ್ಲೂ ಇದೆ. ಮೂಳೆಯೊಂದನ್ನೇ ಕಾಪಾಡಿದರೆ ಸಾಕು ಅಂತ ಕೂರುವ ಹಾಗಿಲ್ಲ.

ಅದೇ ಬರಹದ ಇನ್ನೊಂದು ಭಾಗ ಓದಿ ನಾನು ಪತ್ರಿಕೆ ಮಡಿಸಿಟ್ಟು ಸ್ವಲ್ಪ ಹೊತ್ತು ಹಿತ್ತಿಲಿಗೆ ಹೋಗಿ ಕೂತಿದ್ದೆ. ದೂರದ ನಕ್ಷತ್ರಗಳಿಂದ ಬರುವ ಕಿರಣಗಳಂಥವನ್ನೇ ಪ್ರಯೋಗಾಲಯದಲ್ಲಿ ಮಾಡಿ, ಮಂಗಳಕ್ಕೆ ಹೋಗಿಬರುವ ಎರಡೂವರೆ ವರ್ಷದಲ್ಲಿ ಬೀಳುವಷ್ಟನ್ನು ಇಲಿಗಳಿಗೆ ಕೊಟ್ಟು ನೋಡಿದ್ದರು. ಅವುಗಳ ಮೂತ್ರಪಿಂಡಕ್ಕೆ ಆದ ಹಾನಿ ಶಾಶ್ವತವಾಗಿತ್ತು, ಕೆಲಸ ಮಾಡುವ ಶಕ್ತಿ ಕುಂದಿತ್ತು. ಕಾಪಾಡುವ ದಾರಿ ಹುಡುಕದಿದ್ದರೆ ಮಂಗಳ ಮುಟ್ಟಿದವರು ಹಿಂದಿರುಗುವ ದಾರಿಯಲ್ಲಿ ಡಯಾಲಿಸಿಸ್ ಬೇಕಾಗುವ ಸ್ಥಿತಿಗೆ ಬರಬಹುದು ಎಂದು ಸ್ಯೂ ಎಚ್ಚರಿಸಿದ್ದಾರೆ. ಇಲಿಗೆ ಆದದ್ದೆಲ್ಲ ಮನುಷ್ಯರಿಗೆ ಆಗಿಯೇ ತೀರುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಕೊಡುವ ವೈದ್ಯರು ಕಿಡ್ನಿಗೆ ಮರೆ ಇಟ್ಟೇ ಕೊಡುವುದನ್ನು ನಾನು ಕಂಡವಳು. ವಿಕಿರಣದ ಪೆಟ್ಟು ಆವತ್ತೇ ಕಾಣುವುದಿಲ್ಲ, ತಿಂಗಳುಗಳು ಕಳೆದ ಮೇಲೆ ತಲೆ ಎತ್ತುತ್ತದೆ. 400 ಕಿಲೋಮೀಟರ್ ಎತ್ತರದ ನಿಲ್ದಾಣದಲ್ಲಿರುವವರನ್ನು ಭೂಮಿಯ ಕಾಂತಕ್ಷೇತ್ರ ಕೊಡೆಯ ಹಾಗೆ ಬಹುಮಟ್ಟಿಗೆ ಕಾಯುತ್ತದೆ. ಅಪೋಲೋ ಕಾಲದಲ್ಲಿ ಅದನ್ನು ದಾಟಿ ಹೋದವರು 24 ಮಂದಿ, ಅವರ ಯಾನಗಳೂ ಎರಡು ವಾರದೊಳಗಿನವು. ಹಾಗಾಗಿ ನಿಲ್ದಾಣದಲ್ಲಿ ವರ್ಷಗಟ್ಟಲೆ ಇದ್ದು ಬಂದವರು ಚೆನ್ನಾಗಿದ್ದಾರಲ್ಲ ಅಂತ ಯಾರಾದರೂ ಹೇಳಿದರೆ ಈ ಕೊಡೆಯ ಮಾತನ್ನು ನೆನಪಿಸು.

ವಿಕಿರಣದ ಉತ್ತರ ನಿನ್ನ ಮೇಜಿನ ಮೇಲಿಲ್ಲ. ನೀರಿನ ಉತ್ತರ ಇದೆ. ದಿನಕ್ಕೆ ಎರಡು, ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು ಅನ್ನುವುದು ಹರಳಾದವರಿಗೆ ನಾವು ಹೇಳುವ ಮೊದಲ ಮಾತು. ಮಾತ್ರೆ ಬರೆದುಕೊಡುವುದು ಸುಲಭ, ನೀರು ಕುಡಿಸುವುದು ಕಷ್ಟ. ಆ ಟೀಚರ್‌ಗೆ ನೀರು ಕುಡಿಯಿರಿ ಅಂತ ಬರೆದುಕೊಟ್ಟು ಕಳಿಸಿದ್ದೆ, ಶಾಲೆಯಲ್ಲಿ ಶೌಚಾಲಯ ಆಗುವ ತನಕ ಆ ಚೀಟಿಗೆ ಬೆಲೆ ಇರಲಿಲ್ಲ. ಆಕಾಶದಲ್ಲೂ ಅಷ್ಟೇ. ಉಡಾವಣೆಯ ದಿನ ಅಂಗಾತ ಮಲಗಿ ಗಂಟೆಗಟ್ಟಲೆ ಕಾಯಬೇಕು, ಬಾಹ್ಯಾಕಾಶ ನಡಿಗೆಗೆ ಹೊರಟರೆ ಆರೇಳು ಗಂಟೆ ಉಡುಪಿನೊಳಗೆ ಡಯಾಪರ್ ಕಟ್ಟಿಕೊಂಡಿರಬೇಕು. ಶೌಚದ ಕೆಲಸ ಮುಜುಗರದ್ದು, ಹೊತ್ತು ತಿನ್ನುವುದು ಅನ್ನಿಸಿದರೆ ಎಂಥ ಶೂರರೂ ನೀರು ಕಡಿಮೆ ಮಾಡಿಬಿಡುತ್ತಾರೆ. ಮೊದಲ ದಿನಗಳಲ್ಲಿ ಮೂತ್ರ ಕಟ್ಟಿಕೊಂಡು ನಳಿಕೆ ಹಾಕಿ ತೆಗೆಯಬೇಕಾಗಿ ಬಂದದ್ದೂ ಉಂಟು. ಅಲ್ಲಿ ಮೂತ್ರಕೋಶ ತುಂಬಿದ್ದು ಭೂಮಿಯ ಮೇಲಿನ ಹಾಗೆ ತಿಳಿಯುವುದಿಲ್ಲ, ಅದಕ್ಕೇ ಗಡಿಯಾರ ನೋಡಿ ಹೋಗಲು ಕಲಿಸುತ್ತಾರೆ. ದಿನಚರಿ ಬರೆಯುವವರ ಹತ್ತಿರ ಜಗಳವಾಡಿಯಾದರೂ ಆ ಹೊತ್ತನ್ನು ಬರೆಸು.

ಹೆಂಗಸರ ಮಾತನ್ನು ಬಿಡಿಸಿ ಹೇಳಬೇಕಾ? ನಿಲ್ದಾಣದ ಹಳೆಯ ಶೌಚದ ಸಾಧನ ಗಂಡಸರ ದೇಹವನ್ನೇ ಮನಸ್ಸಿನಲ್ಲಿಟ್ಟು ಮಾಡಿದ್ದು. ಹೆಂಗಸರಿಗೂ ಒಗ್ಗುವಂಥದ್ದು ಹೋದದ್ದು 2020ರ ಅಕ್ಟೋಬರ್‌ನಲ್ಲಿ, 2.3 ಕೋಟಿ ಡಾಲರ್ ಖರ್ಚಿನಲ್ಲಿ. ಅದನ್ನು ಹೊತ್ತೊಯ್ದ ಸರಕಿನ ನೌಕೆಗೆ ಇಟ್ಟಿದ್ದ ಹೆಸರು ಕಲ್ಪನಾ ಚಾವ್ಲಾ. ಸುದ್ದಿ ಓದಿದ ದಿನ ನನಗೆ ಕಣ್ಣು ತುಂಬಿ ಬಂದಿತ್ತು. ನಮ್ಮ ನೌಕೆಯಲ್ಲಿ ಹಾಗೆ ಆಮೇಲೆ ತಿದ್ದಿಕೊಳ್ಳುವುದು ಬೇಡ, ಮೊದಲ ಗೆರೆಯಲ್ಲೇ ಹೆಂಗಸು ಇರಲಿ.

ಇನ್ನು ಕೆಲವು ಸಣ್ಣ ಮಾತು. ಮೂತ್ರದ ಬಣ್ಣ ನೋಡಿ ನೀರು ಸಾಲದು ಅಂತ ಮನೆಯಲ್ಲಿ ತಿಳಿದುಕೊಳ್ಳುತ್ತೇವೆ. ಅಲ್ಲಿ ಗಾಳಿ ಎಳೆಯುವ ಕೊಳವೆಗೆ ಹೋದದ್ದು ಕಣ್ಣಿಗೆ ಕಾಣುವುದಿಲ್ಲ. ಮೂತ್ರ ಎಷ್ಟು ಗಟ್ಟಿಯಿದೆ ಅಂತ ಆ ಕೊಳವೆಯಲ್ಲೇ ಅಳೆದು ಹೇಳುವ ಪುಟ್ಟ ಸಾಧನ ಮಾಡಲು ಆಗುತ್ತದಾ ನೋಡು. ಊಟದ ತಂಡದವರ ಜೊತೆ ಮಾತು ಬೆಳೆಸು, ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದವರು ಗಗನಯಾನಕ್ಕೆ ತಿನಿಸು ತಯಾರಿಸಿದ್ದಾರೆ. ಅಲ್ಲಿ ಮೂಗು ಕಟ್ಟಿಕೊಂಡು ನಾಲಿಗೆ ಸಪ್ಪೆಯಾಗುತ್ತದೆ, ಉಪ್ಪು ಖಾರ ಬೇಡುತ್ತದೆ. ಉಪ್ಪು ಹೆಚ್ಚಿದಷ್ಟೂ ಮೂತ್ರಕ್ಕೆ ಸುಣ್ಣ ಹೆಚ್ಚು ಹೋಗುತ್ತದೆ. ಉಪ್ಪಿನಕಾಯಿ, ಹಪ್ಪಳದಲ್ಲಿ ಕೈ ಹಿಡಿತವಿರಲಿ, ನಿಂಬೆಹುಳಿ ಧಾರಾಳವಾಗಿರಲಿ. ನಿಂಬೆಯಲ್ಲಿರುವ ಸಿಟ್ರೇಟ್ ಹರಳು ಕಟ್ಟದಂತೆ ತಡೆಯುತ್ತದೆ. ಗಗನಯಾತ್ರಿಗಳಿಗೆ ಪೊಟ್ಯಾಸಿಯಂ ಸಿಟ್ರೇಟ್ ಮಾತ್ರೆ ಕೊಟ್ಟು ನೋಡಿದಾಗಲೂ ಹರಳಿನ ಅಪಾಯ ತಗ್ಗಿತ್ತು. ದಿನಕ್ಕೆ ಎರಡು ಗಂಟೆಯ ವ್ಯಾಯಾಮವನ್ನು ಯಾರೂ ಕತ್ತರಿಸದಿರಲಿ. ಧ್ವನಿ ತರಂಗದಿಂದ ಹರಳನ್ನು ಒಡೆಯುವ, ಜರುಗಿಸುವ ಕೈಯಳತೆಯ ಸಾಧನವನ್ನು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ನಾಸಾದ ನೆರವಿನಿಂದ ಬೆಳೆಸಿದ್ದಾರೆ. ದೂರದ ಯಾನಕ್ಕೆ ಅಂಥದ್ದೊಂದು ಪೆಟ್ಟಿಗೆಯಲ್ಲಿರಬೇಕು.

ಗಗನಯಾನದಲ್ಲಿ ಮನುಷ್ಯರು ಹೋಗುವ ಮೊದಲ ಯಾನಕ್ಕೆ ಯೋಜಿಸಿರುವುದು ಮೂರು ದಿನ. ಮೂರು ದಿನಕ್ಕೆ ಇಷ್ಟೆಲ್ಲ ಯಾಕೆ ಅಂತ ನಿಮ್ಮಲ್ಲೇ ಕೇಳುವವರು ಇರುತ್ತಾರೆ. ಹದಿನೈದು ನಿಮಿಷಕ್ಕೆ ಯಾಕೆ ಅಂದವರ ಕತೆ ಮೇಲೆ ಹೇಳಿದೆ. 2035ಕ್ಕೆ ನಮ್ಮದೇ ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ಭಾರತೀಯರು ಅಂತ ದೇಶ ಗುರಿ ಇಟ್ಟುಕೊಂಡಿದೆ. ಆ ಉದ್ದದ ವಾಸಗಳಿಗೆ ಬೇಕಾಗುವ ಅಭ್ಯಾಸ ಈ ಮೂರು ದಿನದಲ್ಲೇ ಆಗಬೇಕು. ವಾಯುಪಡೆಯ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆ ಬೆಂಗಳೂರಲ್ಲೇ ಇದೆ, ನಿನಗೆ ದೂರವಲ್ಲ. ನಕ್ಷೆಗೆ ಕೊನೆಯ ಸಹಿ ಬೀಳುವ ಮೊದಲು ಮೂತ್ರಪಿಂಡ ಬಲ್ಲ ವೈದ್ಯರೊಬ್ಬರನ್ನು, ನೌಕೆಯಲ್ಲಿ ಹೋಗಬಹುದಾದ ಒಬ್ಬ ಹೆಣ್ಣುಮಗಳನ್ನು ನಿಮ್ಮ ಮೇಜಿಗೆ ಕರೆದು ಕೂರಿಸು, ಪುಟ್ಟೀ. ಮತ್ತೆ, ನೀನು ಆಫೀಸಿನಲ್ಲಿ ದಿನಕ್ಕೆ ಎಷ್ಟು ನೀರು ಕುಡಿಯುತ್ತೀ ಅನ್ನುವುದನ್ನು ಈ ಭಾನುವಾರ ಫೋನಿನಲ್ಲಿ ನನಗೆ ಹೇಳಬೇಕು.